ಸ್ಟೆಪ್ನಿಗೊಂದು ಸ್ಥಾನ

ಕಟ್ಟಿಕೊಂಡ ಹೆಂಡತಿಯ ಮುಖವನ್ನು ಸಾವಕಾಶವಾಗಿ ನೋಡಬೇಕೆಂದರೆ ಗಂಡಸು ಒಂದು ಜೀಪು ಕೊಳ್ಳಬೇಕೇ ಎಂದು ನೀವು ಕೇಳಬಹುದು. ನಂಜನಗೂಡಿನಲ್ಲಿ, ಅದರಲ್ಲೂ ನಮ್ಮ ಮನೆಯಲ್ಲಿ, ಬೇರೆ ದಾರಿಯಿಲ್ಲ.

ನಮ್ಮ ಮನೆ ರೈಲಿನ ಬೋಗಿಯ ಹಾಗೆ ಉದ್ದಕ್ಕಿದೆ. ಬೀದಿ ಬಾಗಿಲಿನಿಂದ ಹಿತ್ತಿಲಿಗೆ ಹೋಗಬೇಕಾದರೆ ಎಲ್ಲ ಕೋಣೆಗಳನ್ನೂ, ಆ ಕೋಣೆಗಳಲ್ಲಿರುವ ಎಲ್ಲರನ್ನೂ ದಾಟಬೇಕು. ಮೊದಲು ಪಡಸಾಲೆಯಲ್ಲಿ ನನ್ನ ಸೋದರತ್ತೆ ದೇವೀರಮ್ಮನವರು. (ನಮ್ಮಪ್ಪನಿಗಿಂತ ದೊಡ್ಡವರು. ಮನೆಮಂದಿಗೆಲ್ಲ ದೊಡ್ಡತ್ತೆ. ಈಚೆಗೆ ಬೀದಿಯವರಿಗೂ ದೊಡ್ಡತ್ತೆ.) ನಡುಮನೆಯಲ್ಲಿ ನಮ್ಮವ್ವ ರುದ್ರಮ್ಮ. ಆಮೇಲೆ ತಮ್ಮ ಬಸವೇಶ, ಅವನ ಹೆಂಡತಿ ಶಿವರಂಜನಿ, ಅವರ ಮಕ್ಕಳು, ನಮ್ಮ ಮಗಳು ಶಿವಾನಿ. ಇವರೆಲ್ಲರ ಆಚೆ, ಕಟ್ಟಕಡೆಗೆ, ಒಲೆಯ ಮುಂದೆ ನನಗೆ ಬೆನ್ನು ಮಾಡಿ ನಿಂತಿರುವವಳೇ ನನ್ನ ಧರ್ಮಪತ್ನಿ ಮಂಗಳಗೌರಿ. ನಾನು ಅಲ್ಲಿಗೆ ತಲುಪುವಷ್ಟರಲ್ಲಿ ಪಡಸಾಲೆಯಿಂದ ಯಾರಾದರೂ, “ಪ್ರಸಾದೂ, ಅಂಗಡಿ ಬೀಗದ ಕೈ ಎಲ್ಲಿಟ್ಟೆ?” ಎಂದು ಕೂಗಿರುತ್ತಾರೆ. ನಾನು ವಾಪಸು ಹೊರಡುತ್ತೇನೆ.

ಸ್ಕೂಟರ್ ಇರಲಿಲ್ಲವೇ ಅನ್ನುತ್ತೀರಿ. ಇತ್ತು. ಆದರೆ ಸ್ಕೂಟರಿನಲ್ಲಿ ಹೆಂಡತಿ ಕೂರುವುದು ಬೆನ್ನ ಹಿಂದೆ. ಅವಳಾಡಿದ ಮಾತಿನಲ್ಲಿ ಅರ್ಧ ನನ್ನ ಎಡಗಿವಿಗೆ, ಅರ್ಧ ಗಾಳಿಗೆ. ಮುಂದೆ ನಿಂತ ಶಿವಾನಿಯ ಜಡೆ ನನ್ನ ಬಾಯಿಗೆ. “ಏನಂದೆ?” ಎಂದು ನಾನು ತಿರುಗಿದರೆ, “ಮುಂದೆ ನೋಡ್ರೀ, ಎತ್ತಿನಗಾಡಿ!” ಎಂಬ ಚೀತ್ಕಾರ. ಇಂಥ ಸಂಸಾರ ಸುಖದಲ್ಲಿ ಹನ್ನೆರಡು ವರ್ಷ ಕಳೆದೆವು.

ಹಾಗಾಗಿ ನಾನು ಕನಸು ಕಾಣುವುದನ್ನು ಶುರುಮಾಡಿದೆ. ನನ್ನದು ಪಂಪ್‌ಸೆಟ್ಟು, ಪೈಪುಗಳ ಅಂಗಡಿ. ಮಧ್ಯಾಹ್ನದ ಹೊತ್ತು ಗಿರಾಕಿಗಳು ಕಡಿಮೆ. ಗಲ್ಲಾಪೆಟ್ಟಿಗೆಯ ಮೇಲೆ ಮೊಣಕೈ ಊರಿ ಕೂತರೆ ಸಾಕು, ಎದುರಿಗಿದ್ದ ಪಿವಿಸಿ ಪೈಪಿನ ರಾಶಿ ಕರಗಿ ಕಬ್ಬಿನ ಗದ್ದೆಯಾಗುತ್ತಿತ್ತು. ಸುತ್ತೂರು ದಾಟಿ, ಕಪಿಲೆಯನ್ನು ಅಲ್ಲಲ್ಲಿ ಪಕ್ಕಕ್ಕೆ ಇಟ್ಟುಕೊಂಡು, ತಿರುಮಕೂಡಲಿನ ಕಡೆಗೆ ಒಂದು ಜೀಪು ಹೋಗುತ್ತಿದೆ. ಸ್ಟೀರಿಂಗಿನಲ್ಲಿ ನಾನು. ಎಡಗಡೆಯ ಸೀಟಿನಲ್ಲಿ ಮಂಗಳಾ, ಮಾವಿನ ಚಿಗುರಿನ ಬಣ್ಣದ ಸೀರೆ. ಹಿಂದೆ ಯಾರೂ ಇಲ್ಲ. ನಾನು ಸುಮ್ಮನೆ ಕತ್ತು ಎಡಕ್ಕೆ ಹೊರಳಿಸಿದರೆ ಸಾಕು, ಅಲ್ಲಿ ಅವಳ ಮುಖ. ಅವಳು ಏನೋ ಹೇಳುತ್ತಿದ್ದಾಳೆ, ಗಾಳಿ ಅದರಲ್ಲಿ ಪಾಲು ಕೇಳುತ್ತಿಲ್ಲ. ಸಂಗಮ ದಾಟಿ ಮುಡುಕುತೊರೆ ಬೆಟ್ಟದ ಬುಡಕ್ಕೆ ಹೋಗಿ ನಿಲ್ಲುತ್ತೇವೆ, ಕಾವೇರಿ ಹೊರಳುವುದನ್ನು ನೋಡುತ್ತೇವೆ...

“ಸಾ, ಫುಟ್‌ವಾಲ್ವ್ ಕೇಳುದ್ರೆ ಇದ್ಯಾನ ಬಕೆಟ್ ಕೊಡ್ತಾ ಇದೀರಿ?” ಎಂದು ಗಿರಾಕಿ ಕೂಗಿದಾಗಲೇ ನಾನು ಎಚ್ಚರಾಗುತ್ತಿದ್ದುದು.

ಕನಸು ಅಂಗಡಿಗೆ ನಷ್ಟ ಮಾಡತೊಡಗಿದ ಮೇಲೆ ಅದನ್ನು ನನಸು ಮಾಡುವುದೇ ಲಾಭವೆಂದು ನಿಶ್ಚಯಿಸಿದೆ. ಟಿ. ನರಸೀಪುರದ ಒಬ್ಬ ಕಂಟ್ರಾಕ್ಟರು ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದರು, ಅವರ ಜೀಪೂ ಕೂತಿತ್ತು. ಅದು ನಮ್ಮ ಮದುವೆಗಿಂತ ಹಳೆಯದು, ಸದ್ದೂ ಸ್ವಲ್ಪ ಹೆಚ್ಚು. ಎರಡು ಸಾವಿರದ ಒಂದನೇ ಇಸವಿಯ ದೀಪಾವಳಿ ಕಳೆದ ವಾರ ಅದು ನಮ್ಮದಾಯಿತು. ಹೊರಡುವಾಗ ಕಂಟ್ರಾಕ್ಟರು ಸ್ಟೆಪ್ನಿ ಚಕ್ರವನ್ನು ಉರುಳಿಸಿಕೊಂಡು ಬಂದು ನನ್ನ ಕೈಗೆ ಕೊಟ್ಟರು.

“ಇದು ಹಿಂದುಗಡೆ ನೇತಾಕಿತ್ತು. ಹಿಡ್ಕೊಳೋ ಕಬ್ಣ ತುಕ್ಕಿಡಿದು ಉದುರೋಯ್ತು. ನಿಮ್ಗೆ ಎಲ್ಲಿ ಅನುಕೂಲವೋ ಅಲ್ಲಿ ಕೂರಿಸ್ಕಳಿ” ಅಂದರು. ಅವರು ಎಷ್ಟು ದೊಡ್ಡ ಸಮಸ್ಯೆಯನ್ನು ಎಷ್ಟು ಹಗುರವಾಗಿ ನನ್ನ ಕೈಗೆ ದಾಟಿಸಿದರೆಂಬುದು ಆಗ ನನಗೆ ಹೊಳೆಯಲಿಲ್ಲ.

ಜೀಪು ನಮ್ಮ ಬೀದಿಯಲ್ಲಿ ನಿಂತಿತು. ಅವ್ವ ಆರತಿ ಎತ್ತಿದಳು, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟದ್ದಾಯಿತು. ನಾನು ಕೈಯಲ್ಲಿ ಕರ್ಪೂರದ ತಟ್ಟೆ ಹಿಡಿದು ತಿರುಗಿ ನೋಡುವಷ್ಟರಲ್ಲಿ ಜೀಪಿನ ಹಿಂಭಾಗ ತುಂಬಿಹೋಗಿತ್ತು. ಅಲ್ಲಿ ಎದುರುಬದುರಾಗಿ ಎರಡು ಬೆಂಚುಗಳಿದ್ದವು. ಒಂದರ ಮೇಲೆ ಅವ್ವ, ಶಿವರಂಜನಿ ಮತ್ತು ಮಕ್ಕಳು. ಇನ್ನೊಂದರ ಮೇಲೆ ಬಸವೇಶ, ಶಿವಾನಿ ಮತ್ತು ಎದುರುಮನೆಯ ಪುಟ್ಟಮಾದಮ್ಮ. (ಆಕೆ ಯಾಕೆ ಎಂದು ಯಾರೂ ಕೇಳಲಿಲ್ಲ. ಆಕೆಯೂ ಹೇಳಲಿಲ್ಲ.) ಎಲ್ಲಕ್ಕಿಂತ ಹಿಂದೆ, ಮೂಲೆಯಲ್ಲಿ, ಓರಗಿತ್ತಿಯ ಭುಜಕ್ಕೆ ಭುಜ ತಾಗಿಸಿ ಕೂತು ನಗುತ್ತಿದ್ದವಳು ಯಾರು? ನನ್ನ ಕನಸಿನ ಎಡಗಡೆಯ ಸೀಟಿನವಳು.

“ಮಂಗಳಾ, ಮುಂದೆ ಸೀಟಿದೆ” ಎಂದೆ.

“ಅಯ್ಯೋ ಇಲ್ಲೇ ಚೆನ್ನಾಗಿದೆ ಕಣ್ರೀ. ಎಲ್ಲಾರೂ ಇದೀವಿ” ಎಂದಳು.

ಎಲ್ಲರೂ ಇದ್ದಾರೆ ಎಂಬುದೇ ನನ್ನ ದುಃಖವೆಂದು ಆ ಜನಸ್ತೋಮದ ಎದುರು ಹೇಗೆ ಹೇಳುವುದು? ಸುತ್ತೂರಿಗೆ ಯಾವಾಗ, ಬಿಳಿಗಿರಿರಂಗನ ಬೆಟ್ಟಕ್ಕೆ ಯಾವಾಗ, ಯಾರ ತವರಿಗೆ ಮೊದಲು ಎಂಬ ಚರ್ಚೆ ಜೀಪಿನೊಳಗೇ ನಡೆದು, ಮುಂದಿನ ಶಿವರಾತ್ರಿಯವರೆಗಿನ ಭಾನುವಾರಗಳೆಲ್ಲ ನನ್ನ ಕಣ್ಣೆದುರೇ ಖರ್ಚಾದವು. ಕರ್ಪೂರ ಆರಿತು. ನಾನು ಖಿನ್ನನಾಗಿ ಜಗುಲಿಯ ಮೇಲೆ ಕೂತೆ, ಪಕ್ಕದಲ್ಲಿ ಸ್ಟೆಪ್ನಿ. ನಮ್ಮಿಬ್ಬರಿಗೂ ಜೀಪಿನಲ್ಲಿ ಜಾಗ ನಿಶ್ಚಯವಾಗಿರಲಿಲ್ಲ.

ಆಗ ಹೊಳೆಯಿತು ಉಪಾಯ! ಸ್ಟೆಪ್ನಿಯನ್ನು ಜೀಪಿನ ಒಳಗೇ, ಹಿಂಭಾಗದ ನಟ್ಟನಡುವೆ ಕೂರಿಸಿಬಿಟ್ಟರೆ? ಅದಕ್ಕೋಸ್ಕರ ಬೆಂಚು ತೆಗೆಸಬೇಕಾಗುತ್ತದೆ. ಬೆಂಚು ಹೋದರೆ ಜನ ಹೋದರು. ಉಳಿಯುವುದು ಎರಡೇ ಸೀಟು. ಒಂದು ನನ್ನದು, ಇನ್ನೊಂದು... ಜಗುಲಿಯ ಮೇಲೆ ಕೂತಿದ್ದಂತೆಯೇ ನಾನು ಮುಡುಕುತೊರೆ ತಲುಪಿಬಿಟ್ಟೆ.

ಆದರೆ ನಮ್ಮ ಮನೆಯಲ್ಲಿ ಯಾವುದನ್ನೂ ಒಬ್ಬರೇ ನಿರ್ಧರಿಸುವಂತಿಲ್ಲ. ಉಪ್ಪಿನಕಾಯಿ ಜಾಡಿ ಯಾವ ಗೂಡಿನಲ್ಲಿರಬೇಕೆಂಬುದಕ್ಕೂ ಸಭೆ ಸೇರುತ್ತದೆ. ಮಾರನೆಯ ದಿನ ಸಂಜೆ ಸ್ಟೆಪ್ನಿಯನ್ನು ಪಡಸಾಲೆಯ ಗೋಡೆಗೆ ಒರಗಿಸಿ, ಏನೂ ಅರಿಯದ ಮಗುವಿನಂತೆ ಮುಖ ಮಾಡಿಕೊಂಡು, “ಇದನ್ನ ಎಲ್ಲಿ ಹಾಕ್ಸೋದು, ನೀವೇ ಹೇಳಿ” ಎಂದು ಮಹಾಸಭೆಯ ಮುಂದಿಟ್ಟೆ.

“ಮೊದ್ಲೆಲ್ಲಿತ್ತೋ ಅಲ್ಲೇ. ಹಿಂದುಗಡೆ” ಎಂದ ಬಸವೇಶ.

“ಹಿಂದೆ ಹಾಕಿದರೆ ಅವ್ವ ಹತ್ತುವುದೆಲ್ಲಿ? ಬಾಗಿಲು ತೆಗೆಯಬೇಕಾದರೆ ಚಕ್ರದ ಭಾರವನ್ನೂ ಎಳೆಯಬೇಕು” ಎಂದು ನಾನು ಮಾತೃಭಕ್ತಿ ತೋರಿಸಿದೆ.

“ಊ ಕಣಪ್ಪ, ನಂಗೆ ಸೊಂಟ ಆಗಾಕಿಲ್ಲ” ಎಂದು ಅವ್ವ ತನ್ನ ಮತವನ್ನು ನನಗೆ ಹಾಕಿದಳು.

“ಹಂಗಾದ್ರೆ ಮುಂದೆ, ಬಾನೆಟ್ ಮೇಲೆ. ಮಿಲಿಟರಿಯವರು ಹಾಕ್ತಾರಲ್ಲ” ಎಂದಳು ಶಿವರಂಜನಿ.

ಇದಕ್ಕೆ ನಾನು ಉತ್ತರ ಕೊಡಬೇಕಾಗಲಿಲ್ಲ, ದೊಡ್ಡತ್ತೆಯೇ ಕೊಟ್ಟರು. “ತೆಗಿ ತೆಗಿ! ದೇವಸ್ಥಾನದ ಬೀದೀಲಿ ಓಗೋ ಗಾಡಿ. ಗೋಪುರ ಕಾಣಾ ಜಾಗದಲ್ಲಿ ಟೈರು ನೋಡ್ಕಂಡು ಕೈ ಮುಗೀಬೇಕಾ?”

“ಪಕ್ಕಕ್ಕೆ?” ಎಂದ ಬಸವೇಶ.

ನಮ್ಮ ಬೀದಿಯ ಅಗಲ ನಿಮಗೆ ಗೊತ್ತಿಲ್ಲ. ಪುಟ್ಟಮಾದಮ್ಮ ತನ್ನ ಬಾಗಿಲಲ್ಲಿ ಸೀನಿದರೆ ನಮ್ಮ ಪಡಸಾಲೆಯಲ್ಲಿ ‘ಶಿವಾ’ ಅನ್ನುತ್ತೇವೆ. ಪಕ್ಕಕ್ಕೆ ಚಕ್ರ ಹಾಕಿದರೆ ಜೀಪು ಬೀದಿಯೊಳಗೆ ಬರುವಾಗ ಎರಡು ಕಡೆಯ ಗೋಡೆಯ ಸುಣ್ಣವನ್ನೂ ಕೆರೆದುಕೊಂಡು ಬರುತ್ತದೆ ಎಂದೆ. ಮೇಲೆ ಹಾಕೋಣವೆಂದರೆ ಜೀಪಿಗಿದ್ದದ್ದು ಟಾರ್ಪಾಲಿನ ಮಾಡು. ಅದರ ಮೇಲೆ ಚಕ್ರ ಇಟ್ಟರೆ ಮೊದಲ ಹಳ್ಳಕ್ಕೇ ಅದು ಯಾರ ತಲೆಯ ಮೇಲೆ ಇಳಿಯುತ್ತದೆಂದು ಹೇಳಲಾಗದು. ಹೀಗೆ ದಿಕ್ಕುಗಳೆಲ್ಲ ಒಂದೊಂದಾಗಿ ಮುಚ್ಚಿಕೊಂಡ ಮೇಲೆ ನಾನು ಬಹಳ ಸಂಕಟದಿಂದ ಎಂಬಂತೆ ನಿಟ್ಟುಸಿರು ಬಿಟ್ಟೆ.

“ಇನ್ನುಳಿದಿರೋದು ಒಳಗಡೆ. ಆದ್ರೆ ಬೆಂಚು ತೆಗೀಬೇಕಾಗತ್ತಲ್ಲ...”

ಮಂಗಳಾ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಬೆಂಚು ತೆಗೆದರೆ ಮನೆಯವರು ಕೂರುವುದೆಲ್ಲಿ ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಅವ್ವ ಮಾತ್ರ, “ವ್ಯಾಪಾರದ ಗಾಡಿ. ನಿಂಗ್ ಎಂಗ್ ಅನುಕೂಲವೋ ಅಂಗೇ ಮಾಡಪ್ಪ” ಎಂದು ಎದ್ದು ಒಳಗೆ ಹೋದಳು. ನನಗೆ ಸ್ವಲ್ಪ ಚುರುಕ್ಕೆಂದಿತು. ಆದರೆ ಕನಸು ಕಾಣುವವನಿಗೆ ಕರುಳು ಕೈಕೊಡಬಾರದು. ಬೆಳಗಾಗುತ್ತಲೇ ಜೀಪನ್ನು ಮೈಸೂರು ರಸ್ತೆಯ ವೆಲ್ಡಿಂಗ್ ಶಾಪಿಗೆ ಒಯ್ದೆ.

ವೆಲ್ಡಿಂಗ್ ಶಾಪಿನ ಚೆಲುವಯ್ಯನಿಗೆ ಕಬ್ಬಿಣಕ್ಕಿಂತ ಬಾಯಿ ಗಟ್ಟಿ. “ನೀವು ಜಾಗ ತೋರ್ಸಿ ಸಾ, ಐರಾವತ ತಂದ್ರೂ ಕೂರಿಸ್ಬುಡ್ತೀನಿ. ನಮ್ಮ ವೆಲ್ಡಿಂಗು ಅಂದ್ರೆ ಗಾಡಿ ಓದ್ರೂ ಅದು ಇರ್ತದೆ” ಎಂದ. ಬೆಂಚುಗಳನ್ನು ಕಿತ್ತು ಮೂಲೆಗೆ ಎಸೆದ. ಮುಂದಿನ ಸೀಟುಗಳ ಹಿಂದೆಯೇ, ಸರಿಯಾಗಿ ಮಧ್ಯದಲ್ಲಿ, ನೆಲಕ್ಕೆ ಒಂದು ಕಬ್ಬಿಣದ ಸ್ಟ್ಯಾಂಡು ಬೆಸೆದು, ಚಕ್ರವನ್ನು ನೆಟ್ಟಗೆ ನಿಲ್ಲಿಸಿ ಮೂರು ನಟ್ಟು ಹಾಕಿದ. ಸ್ಟೆಪ್ನಿ ಅಲ್ಲಿ ಗರ್ಭಗುಡಿಯ ಮೂರ್ತಿಯಂತೆ ಪ್ರತಿಷ್ಠಾಪನೆಗೊಂಡಿತು. ಸುತ್ತಲೂ ಖಾಲಿ ತಗಡಿನ ನೆಲ. ಒಂದು ನರಪಿಳ್ಳೆಯೂ ಕೂರುವಂತಿರಲಿಲ್ಲ. ನಾನು ಆ ನಿರ್ಜನತೆಯನ್ನು ಕಣ್ತುಂಬ ನೋಡಿ ಆನಂದಪಟ್ಟೆ.

ಡಿಸೆಂಬರಿನ ಒಂದು ಶನಿವಾರ, ಹಿತ್ತಿಲಿನ ತೊಳೆಯುವ ಕಲ್ಲಿನ ಹತ್ತಿರ ಯಾರೂ ಇಲ್ಲದ ಹೊತ್ತು ನೋಡಿ ಮಂಗಳಾಗೆ ಹೇಳಿದೆ. “ನಾಳೆ ಮುಡುಕುತೊರೆ ಕಡೆ ಒಂದು ಪಂಪ್‌ಸೆಟ್ ನೋಡೋದಿದೆ. ನೀನೂ ಬಾ. ಇರೋದು ಹೇಗೂ ಎರಡೇ ಸೀಟು.”

ಅವಳು ಕೈಯಲ್ಲಿದ್ದ ಸೊಪ್ಪನ್ನು ಹಾಗೇ ಹಿಡಿದುಕೊಂಡು ಒಂದು ಗಳಿಗೆ ಯೋಚಿಸಿದಳು. “ಬರ್ತೀನಿ. ಬುತ್ತಿ ನಾನು ಕಟ್ತೀನಿ” ಎಂದಳು. ನನಗೆ ಹದಿನೆಂಟು ವರ್ಷದ ಹುಡುಗನ ಹಾಗೆ ಎದೆ ಹೊಡೆದುಕೊಂಡಿತು. ರಾತ್ರಿಯೇ ಅವಳು ಹುಣಸೆಹಣ್ಣು ನೆನೆಹಾಕಿದ್ದನ್ನು ಕಂಡೆ. ನೆನೆಹಾಕಿದ ಪಾತ್ರೆ ಮದುವೆ ಮನೆಯದಷ್ಟು ದೊಡ್ಡದಿತ್ತು. ಬುದ್ಧಿ ನೆಟ್ಟಗಿದ್ದವನಾಗಿದ್ದರೆ ಅಲ್ಲೇ ಅನುಮಾನಪಡುತ್ತಿದ್ದ. ನಾನೋ, ನಮ್ಮಿಬ್ಬರಿಗೆ ಪುಳಿಯೋಗರೆ ಸಮೃದ್ಧಿಯಾಗಿರುತ್ತದೆ ಎಂದುಕೊಂಡು ಮಲಗಿದೆ.

ಬೆಳಗ್ಗೆ ಕ್ರಾಪು ಬಾಚಿ, ಹಣೆಗೆ ವಿಭೂತಿ ಹಚ್ಚಿ, ಸೆಂಟೂ ಪೂಸಿಕೊಂಡು ಹೊರಗೆ ಬಂದೆ. ಜೀಪಿನ ಹಿಂಬಾಗಿಲು ತೆರೆದಿತ್ತು. ತಗಡಿನ ನೆಲದ ಮೇಲೆ ನಮ್ಮ ಮನೆಯ ಕೆಂಪು ಪಟ್ಟೆಯ ದೊಡ್ಡ ಜಮಖಾನ ಹಾಸಿತ್ತು. ಜಮಖಾನದ ಮೇಲೆ ಅವ್ವ ಚಕ್ಕಳಮಕ್ಕಳ ಹಾಕಿಕೊಂಡು, ಸ್ಟೆಪ್ನಿಗೆ ಒಂದು ದಿಂಬು ಆನಿಸಿ ಒರಗಿ ಕೂತಿದ್ದಳು. ಸುತ್ತ ಶಿವರಂಜನಿ, ಬಸವೇಶ, ಮಕ್ಕಳೆಲ್ಲ, ಪುಟ್ಟಮಾದಮ್ಮ, ಪುಟ್ಟಮಾದಮ್ಮನ ಮನೆಗೆ ಬಂದಿದ್ದ ನೆಂಟರು. ನಡುವೆ ಪುಳಿಯೋಗರೆಯ ಕೊಳಗ.

ಬೆಂಚಿದ್ದಾಗ ಕಷ್ಟಪಟ್ಟು ಕೂರುತ್ತಿದ್ದ ಜಾಗದಲ್ಲಿ ಈಗ ಅದರ ಎರಡರಷ್ಟು ಜನ ಸುಖವಾಗಿ ಕೂತಿದ್ದರು. ಊಟಕ್ಕೆ, ಪೂಜೆಗೆ, ಇಸ್ಪೀಟಿಗೆ, ಹೆಣ್ಣು ನೋಡುವುದಕ್ಕೆ ಎಲ್ಲಕ್ಕೂ ನೆಲದ ಮೇಲೇ ಕೂರುವ ನಮ್ಮ ಜನರನ್ನು ಬೆಂಚು ತೆಗೆದು ಓಡಿಸುತ್ತೇನೆಂದು ಹೊರಟ ನನ್ನ ಬುದ್ಧಿಗೆ ಏನು ಹೇಳಬೇಕು, ನೀವೇ ಹೇಳಿ.

“ಎಷ್ಟ್ ಸುಖವಾಗೈತಪ್ಪ ಪ್ರಸಾದೂ!” ಎಂದಳು ಅವ್ವ. ಅವಳ ಮುಖ ಅರಳಿತ್ತು. “ಬೆಂಚ್ ಮ್ಯಾಲೆ ಕಾಲು ಇಳಿಬಿಟ್ರೆ ಊದ್ಕೊಳ್ತಿತ್ತು. ನಮಗೋಸ್ಕರಾನೇ ತೆಗ್ಸಿದ್ದೀಯ ಅಂತ ಮಂಗಳಾ ಏಳುದ್ಲು. ನಾನು ಪಾಪಿ, ಏನೇನೋ ತಿಳ್ಕಂಡಿದ್ದೆ.”

ಮಂಗಳಾ ಸೆರಗು ಸಿಕ್ಕಿಸಿಕೊಂಡು ಬಂದಳು. ಸೀರೆ ಮಾವಿನ ಚಿಗುರಿನ ಬಣ್ಣದ್ದೇ! ನಾನು, “ಹೋಗಲಿ, ಮುಂದಿನ ಸೀಟು ನಿನಗೇ ಇದೆ” ಎಂದು ತೋರಿಸಿದೆ. ತೋರಿಸಿದ ಬೆರಳಿನ ತುದಿಯಲ್ಲಿ ದೊಡ್ಡತ್ತೆ ಕೂತಿದ್ದರು.

“ನಂಗೆ ಮಂಡಿ ಮಡಿಚಕ್ಕಾಗಲ್ಲ ಕಣೋ, ಅದ್ಕೇ ಇಲ್ಲಿ ಕೂತ್ಕಂಡೆ” ಎಂದರು. “ಯಾಕೆ, ನಾನ್ ಕೂತ್ರೆ ಗಾಡಿ ಓಡಾಕಿಲ್ವಾ?”

ಗಾಡಿ ಓಡಿತು. ಸುತ್ತೂರಿನ ಕಡೆಗೆ ತಿರುಗಿದ ಮೇಲೆ ರಸ್ತೆಯ ಮೇಲಿನ ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ಕೊಯ್ಲಾದ ಗದ್ದೆಗಳಿಂದ ಒದ್ದೆ ಹುಲ್ಲಿನ ವಾಸನೆ. ಕಪಿಲೆ ಒಮ್ಮೆ ತೆಂಗಿನಮರಗಳ ನಡುವೆ ಬೆಳ್ಳಗೆ ಕಂಡು, ಮತ್ತೆ ಮರೆಯಾಗಿ, ಮತ್ತೆ ಕಾಣುತ್ತಿತ್ತು. ಎಲ್ಲವೂ ನನ್ನ ಕನಸಿನಲ್ಲಿದ್ದ ಹಾಗೆಯೇ ಇತ್ತು. ಎಡಕ್ಕೆ ಹೊರಳಿದರೆ ಮಾತ್ರ ದೊಡ್ಡತ್ತೆ ಅಡಿಕೆ ಕತ್ತರಿಸುತ್ತಿದ್ದರು. ಮಂಗಳಾ ಹಿಂದೆ ಎಲ್ಲೋ ಇದ್ದಳು, ನಗು ಕೇಳುತ್ತಿತ್ತು. ಒಳಗಿನ ಕನ್ನಡಿಯಲ್ಲಾದರೂ ಕಂಡಾಳೆಂದು ಕತ್ತೆತ್ತಿದರೆ ಕನ್ನಡಿಯ ತುಂಬ ಸ್ಟೆಪ್ನಿ. ಕರ್ರಗೆ, ದುಂಡಗೆ, ಆ ಕಡೆ ಈ ಕಡೆ ಒಂದು ಬೆರಳಿನಷ್ಟೂ ಜಾಗ ಬಿಡದೆ. ನಾನೇ ದುಡ್ಡು ಕೊಟ್ಟು ನಮ್ಮಿಬ್ಬರ ನಡುವೆ ಗೋಡೆ ಎಬ್ಬಿಸಿದ್ದೆ.

ಮುಡುಕುತೊರೆ ತಲುಪಿದಾಗ ಬಿಸಿಲು ಹದವಾಗಿತ್ತು. (ಪಂಪ್‌ಸೆಟ್ಟಿನ ನೆನಪು ಯಾರಿಗೂ ಬರಲಿಲ್ಲ. ಅದು ಇರಲೂ ಇಲ್ಲ.) ದೊಡ್ಡತ್ತೆ ಬುಡದಲ್ಲೇ ಕೂತು ಕೈಮುಗಿದರು. ಅವ್ವ, ಮಕ್ಕಳು, ಉಳಿದವರು ಮುಂದೆ ಮುಂದೆ ಮೆಟ್ಟಿಲು ಹತ್ತಿಹೋದರು. ಮಂಗಳಾಳ ಚಪ್ಪಲಿಯಲ್ಲಿ ಕಲ್ಲು ಸಿಕ್ಕಿಕೊಂಡು ಅವಳು ನಿಂತಳು. ನಾನೂ ನಿಂತೆ. ಹನ್ನೆರಡು ವರ್ಷದಲ್ಲಿ ಮೊದಲ ಸಲ, ಮನೆಯಿಂದ ಹೊರಗೆ, ನಮ್ಮ ಸುತ್ತ ಯಾರೂ ಇರಲಿಲ್ಲ. ಕೆಳಗೆ ಕಾವೇರಿ ಯಾವ ಅವಸರವೂ ಇಲ್ಲದೆ ಬೆಟ್ಟವನ್ನು ಬಳಸಿಕೊಂಡು ಹೊರಳಿತ್ತು. ಮರಳಿನ ದಿಬ್ಬಗಳು ಬಿಸಿಲಿಗೆ ಹೊಳೆಯುತ್ತಿದ್ದವು.

“ಮಂಗಳಾ, ಆ ಸ್ಟೆಪ್ನಿ ಇದೆಯಲ್ಲ...” ಎಂದು ಶುರುಮಾಡಿದೆ.

“ಪುಣ್ಯಾತ್ಮರೇ! ದೇವರ ಬೆಟ್ಟ ಹತ್ತೋವಾಗಲೂ ಸ್ಟೆಪ್ನೀನಾ?”

“ಕೇಳು. ಅದನ್ನ ಅಲ್ಲಿ ಹಾಕಿಸಿದ್ದು ವ್ಯಾಪಾರಕ್ಕಲ್ಲ. ಯಾರೂ ಹಿಂದೆ ಕೂರಬಾರದು ಅಂತ. ನೀನು ಮುಂದೆ ಕೂರಬೇಕು ಅಂತ. ಒಂದು ಸಲ, ಸಾವಕಾಶವಾಗಿ, ನಿನ್ನ ಮುಖ ನೋಡ್ಕೊಂಡು ಇಲ್ಲಿಗೆ ಬರಬೇಕು ಅಂತ ಆಸೆ ಇತ್ತು.” ಹೇಳಿ ಮುಗಿಸುವಷ್ಟರಲ್ಲಿ ನನ್ನ ಕಿವಿ ಬಿಸಿಯಾಗಿತ್ತು.

ಅವಳು ಚಪ್ಪಲಿ ಕೈಯಲ್ಲಿ ಹಿಡಿದು ಹಾಗೇ ನಿಂತಳು. “ನನ್ ಮುಖ ನೋಡೋಕಾ?” ಎಂದಳು. ಆಮೇಲೆ ಮೆಟ್ಟಿಲ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. “ಅಷ್ಟಕ್ಕೆ ಜೀಪಿನ ಹೊಟ್ಟೆ ಕುಯ್ಸಿದ್ರಾ? ನಾನು ನೋಡಿದ್ರೆ, ಇವರಿಗೆ ಮನೆಯವರೇ ಬೇಡವಾದ್ರು, ಅತ್ತೆ ನೊಂದ್ಕೊಂಡ್ರು ಅಂತ ರಾತ್ರಿಯೆಲ್ಲ ನಿದ್ದೆ ಮಾಡ್ಲಿಲ್ಲ. ಜಮಖಾನ ಹಾಸಿ ಎಲ್ಲರನ್ನೂ ಕರೆದಿದ್ದು ನಾನೇ. ನಿಮ್ಮ ಹೆಸರು ಉಳೀಲಿ ಅಂತ.”

“ಒಂದು ಮಾತು ನನ್ನ ಕೇಳಬಾರದಿತ್ತಾ?”

“ನೀವೊಂದು ಮಾತು ಹೇಳಬಾರದಿತ್ತಾ?” ನಗು ನಿಲ್ಲಿಸಿ ನನ್ನ ಕಡೆ ನೋಡಿದಳು. “ದಿನಾ ಬೆಳಗ್ಗೆ ನಿಮಗೆ ತಿಂಡಿ ಹಾಕಿ, ಎದುರಿಗೇ ಕೂತಿರ್ತೀನಿ. ನೀವು ಪೇಪರ್ ಹಿಡ್ಕೊಂಡಿರ್ತೀರಿ. ನಂಗೆ ಕಾಣೋದು ಬರೀ ಸಿನಿಮಾ ಜಾಹೀರಾತು. ಅದೊಂದು ಕೆಳಗಿಟ್ಟಿದ್ರೆ ಸಾಕಿತ್ತು.”

ಪುಣ್ಯಕ್ಕೆ ಮೇಲಿನಿಂದ ಶಿವಾನಿ, “ಅಮ್ಮಾ, ಹಣ್ಣುಕಾಯಿ ನಿನ್ ಹತ್ರಾನೇ ಇದೆ!” ಎಂದು ಕೂಗಿದಳು. ಮಂಗಳಾ ಎದ್ದಳು. ನಾಲ್ಕು ಮೆಟ್ಟಿಲು ಹತ್ತಿ ಒಮ್ಮೆ ತಿರುಗಿದಳು. “ವಾಪಸು ಹೋಗೋವಾಗ ಮುಂದೆ ಕೂರ್ತೀನಿ, ಬಿಡಿ” ಎಂದಳು. ಆ ಮಾತಿನ ಮೇಲೆ ನಾನು ಉಳಿದ ಮೆಟ್ಟಿಲುಗಳನ್ನು ಹತ್ತಿದ್ದು ಕಾಲಿನಿಂದಲೋ ರೆಕ್ಕೆಯಿಂದಲೋ ತಿಳಿಯದು.

ಕೊಟ್ಟ ಮಾತಿಗೆ ದೈವವೂ ಕೂಡಿಬಂತು. ಪುಳಿಯೋಗರೆ ಮುಗಿದು, ಹೊಳೆಯಲ್ಲಿ ಮಕ್ಕಳು ಕಾಲಾಡಿಸಿ, ಹೊತ್ತು ಇಳಿಯುವಾಗ ಎಲ್ಲರೂ ಜೀಪಿಗೆ ಬಂದೆವು. ದೊಡ್ಡತ್ತೆ, “ನಾನ್ ಮುಂದೆ ಕೂರಾಕಿಲ್ಲ. ನೇತಾಡ್ಕಂಡು ಕೂತು ಕಾಲೆಲ್ಲ ಜೋಮು. ಹಿಂದೆ ನೀಟಾಗಿ ಮಲೀಕತೀನಿ” ಎಂದರು. ಅವ್ವ, “ಮಂಗಳಾ, ಅಂಗಾದ್ರೆ ನೀನ್ ಮುಂದ್ಕೋಗು” ಎಂದಳು. ನಾನು ಏನನ್ನೂ ಕೇಳಿಸಿಕೊಳ್ಳದವನ ಹಾಗೆ ಸ್ಟೀರಿಂಗ್ ಒರೆಸತೊಡಗಿದೆ. ಮಂಗಳಾ ಬಂದು ಎಡಗಡೆ ಒಂದು ಕಾಲು ಮೇಲಿಟ್ಟಳು, ಕಂಬಿಗೆ ಕೈ ಹಾಕಿದಳು.

“ಅಯ್ಯೋ ಶಿವನೇ!” ಎಂದಿತು ಹಿಂದಿನಿಂದ ದೊಡ್ಡತ್ತೆಯ ದನಿ. “ಕಾಲ್ ಚಾಚುದ್ರೆ ಈ ಸುಡುಗಾಡು ಚಕ್ರ ಒದೀತೈತೆ! ಇದ್ಯಾಕೆ ಇಲ್ಲಿ ನಿಂತೈತೆ? ತೆಗೀರ್ಲಾ ಇದ್ನ!”

“ಮೂರೇ ನಟ್ಟು, ಅದೇನ್ ಮಹಾ” ಎಂದು ಬಸವೇಶ ಆಗಲೇ ಸ್ಪ್ಯಾನರ್ ಹಾಕಿದ್ದ. (ಒಡಹುಟ್ಟಿದವರು ಇದ್ದರೆ ಹೀಗೆ ಇರಬೇಕು.) ಚಕ್ರ ಬಿಚ್ಚಿಕೊಂಡಿತು. ಇಡುವುದೆಲ್ಲಿ? ಹಿಂದೆ ದೊಡ್ಡತ್ತೆ ಮಲಗಿದ ಮೇಲೆ ಉಳಿದವರಿಗೇ ಜಾಗ ಹಿಡಿದು ಮಾಡಿದಂತಿತ್ತು. ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿತು. ಮಂಗಳಾ ಸ್ಟೆಪ್ನಿಯನ್ನು ನೋಡಿದಳು, ನನ್ನನ್ನು ನೋಡಿದಳು, ಎತ್ತಿದ ಕಾಲನ್ನು ಮೆಲ್ಲಗೆ ಕೆಳಗಿಟ್ಟಳು.

“ಮುಂದಿನ ಸೀಟಿಗೆ ಅದನ್ನೇ ಕೂರ್ಸಿ. ದೊಡ್ಡತ್ತೆ ಪಾಪ, ಮಲಗ್ಲಿ” ಎಂದಳು. ಜೀಪಿನಲ್ಲಿ ಬಿದ್ದಿದ್ದ ಬಾವಿ ಹಗ್ಗದಲ್ಲಿ ಸ್ಟೆಪ್ನಿಯನ್ನು ಸೀಟಿಗೆ ತೀರ ಬಿಗಿಯದೆ ಸುಮಾರಾಗಿ ಕಟ್ಟಿದ್ದಾಯಿತು.

ಹಾಗೆ ನಾವು ಹೊರಟೆವು, ನಾನು ಮತ್ತು ನನ್ನ ಸ್ಟೆಪ್ನಿ. ಸಂಗಮ ದಾಟುವಾಗ ಸೂರ್ಯ ನೀರಿನ ಮೇಲೆ ಕೂತಿದ್ದ. ನಾನು ಎಡಕ್ಕೆ ನೋಡಲಿಲ್ಲ. ನೋಡಿ ಪ್ರಯೋಜನವೇನು? ಟಿ. ನರಸೀಪುರ ಬಿಟ್ಟು ಸ್ವಲ್ಪ ದೂರ ಬಂದ ಮೇಲೆ, ಹಿಂದಿನಿಂದ ಲಾರಿ ಹಾರನ್ನು ಕೇಳಿ ಕನ್ನಡಿಯತ್ತ ಕಣ್ಣೆತ್ತಿದೆ.

ಕನ್ನಡಿಯಲ್ಲಿ ಮಂಗಳಾ ಇದ್ದಳು.

ಗೋಡೆ ಎದ್ದು ಬಂದು ನನ್ನ ಪಕ್ಕ ಕೂತಿತ್ತಲ್ಲ! ಅವಳು ದೊಡ್ಡತ್ತೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಮಕ್ಕಳಿಗೆ ಕಡಲೆಕಾಯಿ ಬಿಡಿಸಿಕೊಡುತ್ತಿದ್ದಳು. ಮುಂದಿನ ಗಾಜಿನಿಂದ ಬರುತ್ತಿದ್ದ ಸಂಜೆಯ ಬೆಳಕಿನಲ್ಲಿ ಅವಳ ಮುಂಗುರುಳುಗಳು ಕೆಂಪಗಿದ್ದವು. ಕಿವಿಯ ಹತ್ತಿರ ಒಂದೆರಡು ಬೆಳ್ಳಿಕೂದಲು. ಅದು ಯಾವಾಗ ಬಂತು? ಕೆನ್ನೆಯ ಮೇಲೆ ಒಂದು ಚಿಕ್ಕ ಮಚ್ಚೆ. ಅದು ಮೊದಲಿನಿಂದಲೂ ಇತ್ತೇ? ನೋಡುತ್ತಿದ್ದಂತೆ ಅವಳು ತಲೆಯೆತ್ತಿದಳು. ಕನ್ನಡಿಯಲ್ಲಿ ಕಣ್ಣಿಗೆ ಕಣ್ಣು ಸಿಕ್ಕಿತು. ಏನು ಎಂಬಂತೆ ಹುಬ್ಬು ಹಾರಿಸಿದಳು. ಏನಿಲ್ಲ ಎಂದು ನಾನು ತಲೆಯಾಡಿಸಿದೆ. ಅವಳು ಕಣ್ಣು ತೆಗೆಯಲಿಲ್ಲ. ನಾನೂ ತೆಗೆಯಲಿಲ್ಲ. ರಸ್ತೆ, ಜೀಪು, ಜನ ಎಲ್ಲ ಎಲ್ಲೋ ದೂರ ತೇಲಿಹೋದವು. ಇಷ್ಟು ಸುಖವನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ನಮ್ಮ ಕಡೆ ಸುಗ್ಗಿಯಲ್ಲಿ ಟಾರು ರಸ್ತೆಯೇ ಕಣ. ಹುರುಳಿ ಬಳ್ಳಿಯನ್ನು ರಸ್ತೆಗೆ ಹರಡಿಬಿಟ್ಟರೆ ಹೋಗುವ ಬರುವ ಗಾಡಿಗಳೇ ಒಕ್ಕಣೆ ಮಾಡಿಕೊಡುತ್ತವೆ. ಸಂಜೆ ಅದನ್ನು ಗುಡ್ಡೆ ಹಾಕಿ ಪಕ್ಕಕ್ಕೆ ಒಟ್ಟುತ್ತಾರೆ. ಅಂಥ ಒಂದು ಗುಡ್ಡೆ, ಆನೆಯಷ್ಟು ಎತ್ತರದ್ದು, ರಸ್ತೆಯ ಬದಿಯಲ್ಲಿತ್ತು. ನಾನು ಕಣ್ಣು ಮುಂದಕ್ಕೆ ತಂದಾಗ ಅದು ಬಾನೆಟ್ಟಿನ ಮೇಲಿತ್ತು.

‘ಬುಸ್’ ಎಂಬ ಸದ್ದಿನೊಡನೆ ಜೀಪು ಹುರುಳಿಯೊಳಗೆ ಹೊಕ್ಕು ನಿಂತಿತು. ಯಾರಿಗೂ ಒಂದು ತರಚು ಗಾಯವೂ ಆಗಲಿಲ್ಲ. ಹಗ್ಗ ಜಾರಿದ ಸ್ಟೆಪ್ನಿ ಮಾತ್ರ ನನ್ನ ಮಡಿಲಿಗೆ ಬಂದು ಕೂತಿತು. ಎಲ್ಲರ ತಲೆಯ ಮೇಲೂ ಹೊಟ್ಟು.

ಗುಡ್ಡೆಯ ಆಚೆಯಿಂದ ಸೆರಗು ಕಟ್ಟಿದ ಹೆಂಗಸೊಬ್ಬಳು ಕಸಬರಿಕೆ ಹಿಡಿದು ಬಂದಳು. ಹುರುಳಿ ಅವಳದು, ಹೆಸರು ಸಣ್ಣತಾಯಮ್ಮನೆಂದು ಆಮೇಲೆ ತಿಳಿಯಿತು. “ಯಾವನ್ಲಾ ಅವ್ನು! ಇಷ್ಟ್ ದೊಡ್ಡ ಗುಡ್ಡೆ ಕಾಣಾಕಿಲ್ವಾ? ಕಣ್ಣ ಎಲ್ಲಿ ಮಡಿಕಂಡಿದ್ದೆ?”

ಅವ್ವ, ಬಸವೇಶ, ಪುಟ್ಟಮಾದಮ್ಮ, ಅವರ ನೆಂಟರು, ಎಲ್ಲರೂ ನನ್ನ ಉತ್ತರಕ್ಕೆ ಕಾದರು. ನಾಯಿ ಅಡ್ಡ ಬಂತು ಅನ್ನೋಣವೆಂದರೆ ಸುತ್ತ ಒಂದು ನಾಯಿಯೂ ಇರಲಿಲ್ಲ. ಮಂಗಳಾ ಕಡಲೆಕಾಯಿಯ ಸಿಪ್ಪೆಯನ್ನೇ ಪರೀಕ್ಷೆ ಮಾಡುತ್ತಿದ್ದಳು.

ಆಗ, ಮಲಗಿ ನಿದ್ದೆಹೋಗಿದ್ದಾರೆಂದು ನಾವೆಲ್ಲ ತಿಳಿದಿದ್ದ ದೊಡ್ಡತ್ತೆ ಎದ್ದು ಕೂತರು. ತಲೆಯ ಮೇಲಿನ ಹೊಟ್ಟು ಕೊಡವಿಕೊಂಡರು. ಒಮ್ಮೆ ಕನ್ನಡಿಯನ್ನು ನೋಡಿದರು, ಒಮ್ಮೆ ಮಂಗಳಾಳನ್ನು ನೋಡಿದರು.

“ಬಸವೇಶ, ಆ ಚಕ್ರ ತಂದು ಮೊದ್ಲು ಎಲ್ಲಿತ್ತೋ ಅಲ್ಲೇ ಆಕು” ಎಂದರು. “ಅದು ಅಡ್ಡ ಇದ್ದಾಗ ಇವ್ನು ನೆಟ್ಟಗೆ ಓಡಿಸ್ತಿದ್ದ.”

ಮೊದಲು ಶಿವರಂಜನಿ ಕಿಸಕ್ಕೆಂದಳು. ಆಮೇಲೆ ಅವ್ವ. ಆಮೇಲೆ, ಏನು ಎತ್ತ ಗೊತ್ತಿಲ್ಲದ ಸಣ್ಣತಾಯಮ್ಮನೂ ಕಸಬರಿಕೆ ಊರಿಕೊಂಡು ನಗತೊಡಗಿದಳು. ಮಂಗಳಾ ಸೆರಗನ್ನು ಎಳೆದುಕೊಂಡು ಮುಖ ಪೂರ್ತಿ ಮುಚ್ಚಿಕೊಂಡಳು.

ಎಲ್ಲರೂ ಇಳಿದು ಹುರುಳಿಯನ್ನು ಮತ್ತೆ ಗುಡ್ಡೆ ಮಾಡಿಕೊಟ್ಟೆವು. ಸ್ಟೆಪ್ನಿಯನ್ನು ಅದರ ಪೀಠಕ್ಕೆ ಎತ್ತಿ ನಿಲ್ಲಿಸಿ ನಟ್ಟು ಹಾಕುವ ಕೆಲಸ ನನ್ನ ಪಾಲಿಗೆ ಬಂತು. ದೊಡ್ಡತ್ತೆ ಪಕ್ಕದಲ್ಲೇ ನಿಂತಿದ್ದರು.

“ಇನ್ನೂ ಒಂದ್ ಸುತ್ತು ಬಿಗಿ ಮಾಡೋ” ಎಂದರು.